ತಡೆದುಕೊಳ್ಳುವ ಅಭ್ಯಾಸ

ಮೂತ್ರದಲ್ಲಿ ರಕ್ತ ಹೋಗುತ್ತದೆ ಅಂದದ್ದಕ್ಕೆ ಡಾಕ್ಟ್ರು ಸ್ಕ್ಯಾನಿಂಗ್ ಬರೆದುಕೊಟ್ಟರು. ಸ್ಕ್ಯಾನಿಂಗ್ ಕೋಣೆಯ ಹೊರಗೆ ನರ್ಸ್ ಹುಡುಗಿ ಒಂದು ಬಾಟ್ಲಿ ನೀರು ಕುಡಿಸಿ, "ಅಜ್ಜಿ, ಕರೆಯುವವರೆಗೆ ಮೂತ್ರಕ್ಕೆ ಹೋಗ್ಬೇಡಿ. ಮೂತ್ರಚೀಲ ತುಂಬಿದರೇ ಒಳಗಿನದ್ದು ಸರಿ ಕಾಣುವುದು" ಎಂದಳು.

ಜೊತೆಗೆ ಕೂತಿದ್ದ ಇಬ್ಬರು ಅರ್ಧ ಗಂಟೆಯಲ್ಲೇ ಎದ್ದು ಓಡಿದರು. ನಾನು ಎರಡು ಗಂಟೆ ಅಲ್ಲಾಡದೆ ಕೂತೆ.

"ಎಂತ ಅಜ್ಜಿ, ನಿಮಗೆ ಅರ್ಜೆಂಟ್ ಆಗುವುದಿಲ್ವಾ?" ನರ್ಸ್ ಹುಡುಗಿ ಕೇಳಿದಳು.

"ನಲವತ್ತು ವರ್ಷ ಬಂದರಿನಲ್ಲಿ ಮೀನು ಮಾರಿದವಳು ಮಗಾ. ಗಂಡಸರಿಗೆ ಗೋಡೆ ಉಂಟು, ನಮಗೆ ಎಂತ ಉಂಟು? ಬೆಳಿಗ್ಗೆ ಮನೆಯಲ್ಲಿ ಹೋದರೆ ಮತ್ತೆ ಸಂಜೆ ಮನೆಯಲ್ಲೇ. ಬಾಯಾರಿದರೂ ನೀರು ಕುಡಿಯುತ್ತಿರಲಿಲ್ಲ."

ಹುಡುಗಿ ನನ್ನ ಚೀಟಿ ಎತ್ತಿಕೊಂಡು ಒಳಗೆ ಕರೆದಳು.

ಒಳಗೆ ಸ್ಕ್ಯಾನಿಂಗ್ ಡಾಕ್ಟ್ರಮ್ಮ ಹೊಟ್ಟೆಯ ಒಂದೇ ಜಾಗವನ್ನು ಒತ್ತಿ ಒತ್ತಿ ನೋಡಿದರು. "ಇಷ್ಟು ಚೆನ್ನಾಗಿ ತುಂಬಿಸಿಕೊಂಡು ಯಾರೂ ಬರುವುದಿಲ್ಲ ಅಮ್ಮ. ಚಿತ್ರ ಸ್ಪಷ್ಟ ಉಂಟು. ಮೂತ್ರಚೀಲದಲ್ಲಿ ಒಂದು ಗಡ್ಡೆ ಕಾಣ್ತದೆ, ಇನ್ನು ಸಿ.ಟಿ. ಮಾಡಿಸಬೇಕು. ಈಗ ಟಾಯ್ಲೆಟಿಗೆ ಹೋಗಿ ಬನ್ನಿ, ಹೊರಗೆ ಎಡಕ್ಕೆ."

ಹೋದೆ. ಹೆಂಗಸರಿಗೇ ಬೇರೆ. ಚಿಲಕ ಉಂಟು, ನಲ್ಲಿಯಲ್ಲಿ ನೀರೂ ಉಂಟು. ಮೀನು ಮಾರುವವಳಿಗೆ ಅಂಥದ್ದೊಂದು ಸಿಗಬೇಕಾದರೆ ಮೊದಲು ರಕ್ತ ಹೋಗಬೇಕು ಅಂತ ಕಾಣುತ್ತದೆ.