ಕಂಟ್ರೋಲರ್ ಕಾಕಾರ ದನಿ

ಮೊನ್ನೆ ಅಂಗಡಿಯ ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿಗೆ ಕರೆಂಟು ಕೊಟ್ಟೆ. ಒಳಗಿನ ಫ್ಯಾನು ತಿರುಗಿದ್ದೇ ತಡ, ಕಾದ ದೂಳಿನ ವಾಸನೆ ಎದ್ದಿತು. ಕಂಟ್ರೋಲರ್ ಕಾಕಾ ಎದುರಿನ ಕುರ್ಚಿಯಲ್ಲಿ ಬಂದು ಕೂತಂತಾಯಿತು...

ಭಾಲ್ಕಿ ಬಸ್ ನಿಲ್ದಾಣದಲ್ಲಿ ಬಸ್ಸು ಹೊರಡುವುದನ್ನು ಮೈಕಿನಲ್ಲಿ ಕೂಗುತ್ತಿದ್ದವರು ಅವರು. ಔರಾದ, ಠಾಣಾ ಕುಶನೂರ ಎಂದು ಕರೆದರೆ ನಿದ್ದೆಗಣ್ಣಿನವರೂ ಗಂಟು ಎತ್ತಿಕೊಂಡು ಏಳುತ್ತಿದ್ದರು. ಮಳೆ ಕೈಕೊಟ್ಟ ವರ್ಷಗಳಲ್ಲಿ ಹಾಸಿಗೆ, ಪಾತ್ರೆ ಹೊತ್ತ ಜನ ಹೈದರಾಬಾದ್, ಪುಣೆಯ ಬಸ್ಸುಗಳಿಗೆ ಮುಗಿಬೀಳುವಾಗ, "ಕೂಸುಗಳ ಕೈ ಹಿಡ್ಕೋರಿ, ನೀರ ತುಂಬ್ಕೋರಿ" ಎಂದು ತಮ್ಮದೊಂದು ಮಾತು ಸೇರಿಸುತ್ತಿದ್ದರು. ನಿವೃತ್ತರಾದ ಮೇಲೆ ಗಂಟಲಿಗೆ ಕ್ಯಾನ್ಸರ್ ಬಂತು. ಆಪರೇಷನ್ನಿನಲ್ಲಿ ಜೀವ ಉಳಿಯಿತು, ದನಿ ಉಳಿಯಲಿಲ್ಲ.

ಹೆಂಡತಿ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಮ್ಮವರೆಂದರೆ ಚಿಂತಾಕಿಯ ತಂಗಿ ಒಬ್ಬಳೇ. ಬಾವಿ ಬತ್ತಿದ ಮೇಲೆ ಅವಳೂ ಮಗನ ಜೊತೆ ಹೈದರಾಬಾದಿನ ಕಡೆ ಕಟ್ಟಡದ ಕೆಲಸಕ್ಕೆ ಹೋಗಿದ್ದಳು. ಆಪರೇಷನ್ ಆದದ್ದು ಅವಳಿಗೆ ಗೊತ್ತಿತ್ತು, ದನಿ ಹೋದದ್ದನ್ನು ಯಾರೂ ಹೇಳಿರಲಿಲ್ಲ. ಓದು ಬಾರದವಳಿಗೆ ಬರೆದು ಕಳಿಸಿ ಉಪಯೋಗವಿಲ್ಲ. ಕಾಕಾ ನನ್ನ ಕಂಪ್ಯೂಟರ್ ಅಂಗಡಿಗೆ ಬಂದು ಇದಿಷ್ಟನ್ನೂ ಚೀಟಿಯಲ್ಲಿ ಬರೆದು ತಿಳಿಸಿ, ತಂಗಿಯ ಜೊತೆ ಫೋನಿನಲ್ಲಿ ಮಾತಾಡಬೇಕು ಎಂದೂ ಬರೆದರು.

ಬರೆದದ್ದನ್ನು ಗಟ್ಟಿಯಾಗಿ ಓದುವ ಮುಕ್ತ ತಂತ್ರಾಂಶವೊಂದು ನನಗೆ ಗೊತ್ತಿತ್ತು. ಯಾರು ಬೇಕಾದರೂ ಇಳಿಸಿಕೊಂಡು, ಒಳಗೆ ಕೈಹಾಕಿ ತಿದ್ದಿಕೊಳ್ಳಬಹುದು. ಪರದೆಯ ಮೇಲಿನದನ್ನೆಲ್ಲ ತೆಗೆದು, ಬರೆಯಲು ಒಂದು ಚೌಕ, ಓದಿಸಲು ಒಂದು ಗುಂಡಿ ಮಾತ್ರ ಬಿಟ್ಟೆ. ಕಪ್ಪಿನ ಮೇಲೆ ದೊಡ್ಡ ಹಳದಿ ಅಕ್ಷರ. ನಡುಗುವ ಬೆರಳು ಒಂದೇ ಕೀಲಿಯನ್ನು ಮತ್ತೆ ಮತ್ತೆ ಒತ್ತಿದರೂ ಅಕ್ಷರ ಒಂದೇ ಸಲ ಮೂಡುವಂತೆ ಮಾಡಿದೆ.

ಮೊದಲ ದಿನ ಫೋನನ್ನು ಸ್ಪೀಕರಿನ ಮುಂದೆ ಹಿಡಿದೆವು. "ತಂಗಿ, ನಾ ಅರಾಮ ಅದೀನಿ" ಎಂದು ಯಂತ್ರ ತಗಡು ಬಡಿದಂತೆ ಓದಿತು. ಆ ಕಡೆ ಫೋನು ಕಟ್ಟಾಯಿತು. ಸ್ವಲ್ಪ ಹೊತ್ತಿಗೆ ಅವಳ ಮಗ ಮಾಡಿದ. ಅವ್ವ ಅಳುತ್ತಿದ್ದಾಳೆ ಎಂದ.

"ಮಾವ ಸತ್ತಾರೇನ್ರಿ? ಖರೇ ಹೇಳ್ರಿ. ಮಶೀನ್ ಯಾಕ ಮಾತಾಡಸ್ತೀರಿ?"

ಕಾಕಾ ಪಕ್ಕದಲ್ಲೇ ಕೂತು ಕೇಳುತ್ತಿದ್ದರು. ಇಲ್ಲೇ ಇದ್ದಾರೆ ಎಂದು ನಾನೆಷ್ಟು ಹೇಳಿದರೂ ಅವನು ನಂಬಲಿಲ್ಲ. ಕೊನೆಗೆ ಕಾಕಾ ನನ್ನ ಕೈಯಿಂದ ಫೋನು ಕಸಿದುಕೊಂಡು ಉಸಿರಾಟಕ್ಕೆಂದು ಆಪರೇಷನ್ನಿನಲ್ಲಿ ಕುತ್ತಿಗೆಗೆ ಮಾಡಿದ್ದ ತೂತಿಗೆ ಹಿಡಿದರು. ಉಸಿರು ಸುಂಯ್, ಸುಂಯ್ ಎಂದಿತು. ಆ ಕಡೆಯಿಂದ ತಂಗಿಯ ದನಿ ಕೇಳಿತು.

"ಅಣ್ಣಾ, ಉಂಡೀಯೇನು?"

ಆಮೇಲೆ ಕಾಕಾ ದಿನಾ ಬಂದರು. ಯಂತ್ರದ ಪುಸ್ತಕದ ಉಚ್ಚಾರ ಅವರಿಗೆ ಸೇರುತ್ತಿರಲಿಲ್ಲ. ಎಲ್ಲಿ ಎಳೆಯಬೇಕು, ಎಲ್ಲಿ ತುಂಡರಿಸಬೇಕು ಎಂದು ಅವರು ಕೈಯಲ್ಲಿ ತೋರಿಸಿದಂತೆ ಒಳಗಿನ ನಿಯಮಗಳನ್ನು ತಿದ್ದುತ್ತ ಹೋದೆ. ಅದು ನಮ್ಮ ಕಡೆಯವರಂತೆ ಮಾತಾಡತೊಡಗಿತು, ಕಾಕಾರಂತಲ್ಲ. ತಂಗಿ ಮಾತ್ರ ಅದನ್ನೇ ಅಣ್ಣಾ ಎಂದು ಕರೆದು, ಅಲ್ಲೂ ನೀರಿಗೆ ಬಡಿದಾಡುವುದನ್ನು, ಕಾಲು ಬಾತಿರುವುದನ್ನು ಹೇಳಿಕೊಳ್ಳುತ್ತಿದ್ದಳು.

ಬೇಸಿಗೆಯಲ್ಲಿ ರೋಗ ಮರಳಿತು. ಕಾಕಾ ಬೀದರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ತಂಗಿ ಬರುವಷ್ಟರಲ್ಲಿ ಮಣ್ಣಾಗಿತ್ತು. ಅವಳು ನೆಟ್ಟಗೆ ನನ್ನ ಅಂಗಡಿಗೆ ಬಂದಳು. ಸಿಮೆಂಟು ತಿಂದ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತು, ಅಣ್ಣನನ್ನು ಒಂದು ಸಲ ಮಾತಾಡಿಸಿಕೊಡು ಎಂದು ಕೇಳಿದಳು. ನಾನೇನು ಬರೆದರೂ ಅದು ಓದುತ್ತಿತ್ತು, ಅದೇ ದನಿಯಲ್ಲಿ. ನನ್ನ ಕೈ ಏಳಲಿಲ್ಲ.

"ಇದು ಬರೇ ಓದ್ತದ ಅಕ್ಕಾ. ಬರಿಯಾವ್ರು ಹೋದ್ರು" ಎಂದೆ.

ಅವಳು ಪರದೆಯನ್ನು ಒಮ್ಮೆ ಸವರಿ, ಸಂಜೆಯ ಬಸ್ಸಿಗೆ ಹೈದರಾಬಾದಿಗೆ ಹಿಂದಿರುಗಿದಳು. ಮತ್ತೆ ಚಿಂತಾಕಿಗೆ ಬರಲೇ ಇಲ್ಲವಂತೆ. ಮಗನ ನಂಬರೂ ಈಗ ಸಿಗುವುದಿಲ್ಲ.

ಆ ಒಂದೇ ಚೌಕದ ಪರದೆಯನ್ನು ಭಾತಂಬ್ರಾ, ಔರಾದದಿಂದ ಬರುವ ವಯಸ್ಸಾದವರಿಗೆ ಈಗಲೂ ಹಾಕಿಕೊಡುತ್ತೇನೆ. ಕಾಕಾರ ಸ್ವಂತ ದನಿ ಹೇಗಿತ್ತು ಎಂದು ಮೊನ್ನೆ ನೆನಪು ಮಾಡಿಕೊಳ್ಳಲು ನೋಡಿದೆ... ಯಂತ್ರದ್ದೇ ಬಂತು.