ಕನ್ನಪ್ಪನ ಒಪ್ಪಿಗೆ ಪೆಟ್ಟಿಗೆ

ಸಾಗರದ ಪೇಟೆಯ ಹಿಂದಿನ ಓಣಿಯಲ್ಲಿ ಸಣ್ಣದೊಂದು ಪ್ರೆಸ್ ಇಟ್ಟುಕೊಂಡಿದ್ದ ಕನ್ನಪ್ಪನಿಗೆ ತಾನು ಮುದ್ರಕ ಎನ್ನುವುದಕ್ಕಿಂತ ಸಂಶೋಧಕ ಎನ್ನುವ ನಂಬಿಕೆಯೇ ಹೆಚ್ಚು. ಮಳೆಗಾಲದಲ್ಲಿ ಶಾಯಿ ಒಣಗುವುದಿಲ್ಲವೆಂದು ಕಾಗದಗಳಿಗೆ ಇಸ್ತ್ರಿ ಹೊಡೆದು, ಯಾರದೋ ಕ್ಯಾಲೆಂಡರಿನ ಶ್ರಾವಣ ಮಾಸವನ್ನೇ ಸುಟ್ಟವನು ಅವನು. ಟ್ರೆಡಲ್ ಯಂತ್ರಕ್ಕೆ ಬೀಸಣಿಗೆ ಕಟ್ಟಿ, ತುಳಿದಂತೆಲ್ಲ ತನಗೆ ಗಾಳಿ ಬರುವ ಏರ್ಪಾಟು ಮಾಡಿದ್ದ. ಗಾಳಿ ಬಂತು, ಅಚ್ಚಾದ ಹಾಳೆಗಳು ಓಣಿಗೆ ಹೋದವು. ಅವನ ಹೆಂಡತಿ ಪುಷ್ಪಮ್ಮನಿಗೆ ಸೀಸದ ಅಕ್ಷರ ಜೋಡಿಸುವುದು, ಕಾಗದ ಕತ್ತರಿಸುವುದು, ಗಿರಾಕಿಗಳಿಗೆ ಸಮಯಕ್ಕೆ ತಕ್ಕ ಸುಳ್ಳು ಹೇಳುವುದು, ಮೂರೂ ಬರುತ್ತಿದ್ದವು. ಪ್ರೆಸ್ಸು ನಡೆಯುತ್ತಿದ್ದದ್ದು ಮೂರನೆಯದರಿಂದ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಮಾತ್ರ ಯಾವ ಸುಳ್ಳೂ ನಡೆಯಲಿಲ್ಲ. ಒಂದು ಮದುವೆ ಕಾಗದದ ಪ್ರೂಫನ್ನು ಗಿರಾಕಿ ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟಿದ್ದ. ತಿದ್ದಿದ ಹಾಳೆ ಗೋಡೆಯ ಕೊಕ್ಕೆಯಲ್ಲಿ ತೂಗುತ್ತಿತ್ತು. ಅಕ್ಷರ ಜೋಡಿಸಿದ ತಟ್ಟೆ ಮೇಜಿನ ಮೇಲಿತ್ತು. ಕೊಕ್ಕೆಗೂ ತಟ್ಟೆಗೂ ಮಾತುಕತೆ ಇರಲಿಲ್ಲ. ಕನ್ನಪ್ಪ ತಿದ್ದದ ತಟ್ಟೆಯನ್ನೇ ಯಂತ್ರಕ್ಕೆ ಏರಿಸಿದ. ‘ತಮ್ಮ ಆಗಮನವನ್ನು ಬಯಸುವವರು’ ಎಂಬಲ್ಲಿ ಮೊದಲನೆಯ ಹೆಸರು, ಮದುಮಗನ ಅಜ್ಜನದು; ಆ ಅಜ್ಜ ತೀರಿಕೊಂಡು ವರ್ಷವಾಗಿತ್ತು. ಅಜ್ಜ ಕರೆಯುತ್ತಿರುವ ಊರು ಯಾವುದೆಂದು ಜನಕ್ಕೆ ಗೊತ್ತಿತ್ತು, ಹೋಗುವ ಆತುರ ಯಾರಿಗೂ ಇರಲಿಲ್ಲ.

ಆಮೇಲೆ ಪ್ರೆಸ್ಸಿಗೆ ಬಂದದ್ದೆಲ್ಲ ಉತ್ತರಕ್ರಿಯೆಯ ಕಾಗದಗಳೇ. ಸತ್ತವರು ಪ್ರೂಫ್ ಕೇಳುವುದಿಲ್ಲ, ಅವರ ಮನೆಯವರಿಗೆ ಕೇಳುವ ಉಮೇದಿರುವುದಿಲ್ಲ. ಬೀದಿಯಲ್ಲಿ ಕನ್ನಪ್ಪ ಎದುರಾದರೆ ಕಾಯಿಲೆಯವರು ಈ ಬದಿಯಿಂದ ಆ ಬದಿಗೆ ದಾಟುವ ಮಟ್ಟಕ್ಕೆ ಬಂತು.

ಹೀಗಿರುವಾಗ ಒಂದು ಮಧ್ಯಾಹ್ನ ವರದಮ್ಮ ಬಂದರು. ತೀರ್ಥಹಳ್ಳಿ ಕಡೆಯ ದೊಡ್ಡ ಗೌಡರ ಮನೆಯಿಂದ ಸಾಗರಕ್ಕೆ ಸೊಸೆಯಾಗಿ ಬಂದ ಹೆಣ್ಣುಮಗಳು. ದೊಡ್ಡಣ್ಣ ಮಂಜಯ್ಯ ತೀರ್ಥಹಳ್ಳಿಯಲ್ಲಿ, ಸಣ್ಣಣ್ಣ ಪುಟ್ಟಪ್ಪ ಹೊಸನಗರದಲ್ಲಿ. ಪುಟ್ಟಪ್ಪನ ಮಗಳ ಮದುವೆ ನಿಶ್ಚಯವಾಗಿತ್ತು.

“ನಿನ್ನ ಹತ್ರ ಕೊಡೋಕೆ ನಂಗೆ ಮನಸ್ಸಿಲ್ಲ ಕನ್ನಪ್ಪಾ,” ಎಂದರು ವರದಮ್ಮ, ಸ್ಟೂಲನ್ನು ಸೆರಗಿನಿಂದ ಒರೆಸಿ ಕೂರುತ್ತಾ. “ತೀರ್ಥಳ್ಳಿಲಿ ಅಚ್ಚು ಹಾಕ್ಸಿದ್ರೆ ಸಣ್ಣಣ್ಣಂಗೆ ಸಿಟ್ಟು, ಹೊಸನಗರದಲ್ಲಿ ಹಾಕ್ಸಿದ್ರೆ ದೊಡ್ಡಣ್ಣಂಗೆ ಸಿಟ್ಟು. ನಿನ್ ಮೇಲೆ ಇಬ್ರಿಗೂ ನಂಬಿಕೆ ಇಲ್ಲ. ಅದಕ್ಕೇ ಇಬ್ರೂ ಒಪ್ಪಿದ್ರು.”

ಅವರು ಹೋದ ಮೇಲೆ ಪುಷ್ಪಮ್ಮ ಹೇಳಿದಳು: “ಈ ಸಲ ತಪ್ಪಾದ್ರೆ ಬದುಕಿದ್ದೋರ ಕಾಗದ ಇನ್ನು ಈ ಬಾಗ್ಲಿಗೆ ಬರಲ್ಲ. ಬೋರ್ಡ್ ಇಳಿಸಿ ಒಲೆಗೆ ಹಾಕೋದು, ಅಷ್ಟೆ.”

ಬೇರೆ ಯಾರಾದರೂ ಆಗಿದ್ದರೆ ಪ್ರೂಫನ್ನು ಎರಡು ಸಲ ಓದುತ್ತಿದ್ದರು. ಕನ್ನಪ್ಪ ಸಂಶೋಧಕ. ಪೆಟ್ಟಿಗೆ ಮಾಡಿಸಿದ.

ಹಲಸಿನ ಹಲಗೆಯ ಪೆಟ್ಟಿಗೆ. ಅಕ್ಷರದ ತಟ್ಟೆ ಅದರೊಳಗೆ. ಮುಂದಿನ ಬಾಗಿಲು ತೆರೆದರೆ ಮಾತ್ರ ತಟ್ಟೆಯನ್ನು ಯಂತ್ರಕ್ಕೆ ಒಯ್ಯಬಹುದು, ದಾರಿಯಲ್ಲಿ ಅಕ್ಷರ ಮುಟ್ಟುವಂತಿಲ್ಲ. ಆ ಬಾಗಿಲಿಗೆ ಮೂರು ತೂತು, ಮೂರಕ್ಕೂ ಬೇರೆ ಬೇರೆ ಆಕಾರದ ಮರದ ಗೂಟ. ಪ್ರೂಫಿನ ಜೊತೆ ಅಣ್ಣಂದಿರಿಬ್ಬರದು, ವರದಮ್ಮನದು, ಹೀಗೆ ಮೂರು ಮನೆಗೂ ಒಂದೊಂದು ಗೂಟ ಹೋಗುತ್ತದೆ. ಓದಿ ಒಪ್ಪಿದವರು ಗೂಟ ವಾಪಸ್ ಕಳಿಸಬೇಕು. ಮೂರೂ ಬಂದು ಕೂತರೆ ಬಾಗಿಲು ತೆರೆಯುತ್ತದೆ. ಇನ್ನು ಮೇಲಿನ ಮುಚ್ಚಳ ತಿದ್ದುಪಡಿಗೆ. ಅದನ್ನು ಎತ್ತಲು ಯಾರ ಅಪ್ಪಣೆಯೂ ಬೇಡ, ಆದರೆ ಎತ್ತಿದ ಕೂಡಲೇ ಒಳಗಿನ ಸ್ಪ್ರಿಂಗು ಎಲ್ಲ ಗೂಟಗಳನ್ನೂ ಹೊರಕ್ಕೆ ಹಾರಿಸುತ್ತದೆ. ಒಂದಕ್ಷರ ಬದಲಾದರೂ ಹಳೆಯ ಒಪ್ಪಿಗೆ ರದ್ದು. ಹಾರಿದ ಗೂಟವನ್ನು ಅಲ್ಲೇ ಹೆಕ್ಕಿ ಕೂರಿಸುವಂತಿಲ್ಲ, ಅದು ಕನ್ನಪ್ಪ ತಾನೇ ಹಾಕಿಕೊಂಡ ಕಟ್ಟು. ಮತ್ತೆ ಹೊಸ ಪ್ರೂಫು, ಮತ್ತೆ ಮೂರು ಊರಿನ ಪ್ರವಾಸ.

“ಒಪ್ಪಿದ್ದು ಒಂದು, ಅಚ್ಚಾಗಿದ್ದು ಇನ್ನೊಂದು ಅನ್ನೋ ಮಾತೇ ಇಲ್ಲ,” ಎಂದು ಕನ್ನಪ್ಪ ಓಣಿಯವರಿಗೆಲ್ಲ ಮುಚ್ಚಳ ಎತ್ತಿ ತೋರಿಸಿದ. ಒಂದು ಗೂಟ ಹಾರಿ ಎದುರು ಮನೆಯ ದುಗ್ಗಮ್ಮನ ಹಪ್ಪಳದ ಹಿಟ್ಟಿನಲ್ಲಿ ಬಿತ್ತು. ಉಳಿದಂತೆ ಪ್ರಯೋಗ ಯಶಸ್ವಿ.

ಎಡವಟ್ಟಾದದ್ದು ಗೂಟ ಕೆತ್ತಿದವರಿಂದ. ಅವರು ಗಂಧದ ಕೆತ್ತನೆಯ ಗುಡಿಗಾರರು. ಬರೀ ಗೂಟ ಕೆತ್ತಿ ಕೊಡುವುದು ಅವರ ಮನೆತನಕ್ಕೇ ಅವಮಾನ. ಒಂದರ ತಲೆಗೆ ಆನೆ, ಒಂದಕ್ಕೆ ಸಿಂಹ, ಒಂದಕ್ಕೆ ನವಿಲು ಕೆತ್ತಿ ಕೊಟ್ಟರು. ಕನ್ನಪ್ಪ ಹಿರಿತನ ನೋಡಿ ಆನೆಯನ್ನು ಮಂಜಯ್ಯನಿಗೂ ನವಿಲನ್ನು ಪುಟ್ಟಪ್ಪನಿಗೂ ಕಳಿಸಿದ. ಸಿಂಹ ವರದಮ್ಮನ ಪಾಲಿಗೆ ಬಂತು. ಅದು ಸರಿಯಾಗಿಯೇ ಇದೆ ಎಂದು ಅವರ ಗಂಡ ಪ್ರೆಸ್ಸಿಗೇ ಬಂದು ಮೆಲ್ಲಗೆ ಹೇಳಿ ಹೋದರು.

ಹೊಸನಗರದ ಮೇಲೆ ಓಡಾಡುವ ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಕೆರಿಯಪ್ಪನ ಕೈಯಲ್ಲಿ ಹೊಸನಗರದಿಂದ ಮೊದಲ ಉತ್ತರ ಬಂತು. ಪ್ರೂಫು ಬಂದಿತ್ತು, ಗೂಟ ಇರಲಿಲ್ಲ.

“ಗೌಡ್ರು ಕೇಳಿದ್ರು, ಹೆಣ್ಣು ನಂದು, ಖರ್ಚು ನಂದು, ಅಣ್ಣಂಗೆ ಆನೆ, ನಂಗೆ ಹಕ್ಕಿಯಾ ಅಂತ,” ಎಂದ ಕೆರಿಯಪ್ಪ.

“ಅದು ಬರೀ ಗೂಟ ಮಾರಾಯಾ.”

“ನಾನೂ ಹೇಳ್ದೆ. ಬರೀ ಗೂಟ ಆದ್ರೆ ಆನೆ ನಂಗೇ ಕೊಡಕ್ಕೆ ಏನ್ ಕಷ್ಟ ಅಂದ್ರು.”

ಪುಟ್ಟಪ್ಪನಿಗೂ ಒಂದು ಆನೆ ಕೆತ್ತಿಸಬೇಕಾಯಿತು. ತೀರ್ಥಹಳ್ಳಿಯ ಮಂಜಯ್ಯ ತನ್ನ ಆನೆಯನ್ನು ಅಂಗಿಯ ಜೇಬಿನಲ್ಲಿ ಸೊಂಡಿಲು ಹೊರಗೆ ಕಾಣುವಂತೆ ಇಟ್ಟುಕೊಂಡು ಪೇಟೆ ಸುತ್ತುತ್ತಿದ್ದ. ಹೋಟೆಲಿನಲ್ಲಿ ಯಾರಾದರೂ ಕೇಳಿದರೆ, “ಇದು ನಮ್ಮ ಕೈಯಿಂದ ಹೋಗೋವರೆಗೆ ಮದುವೆ ಕಾಗದ ಹೊರಡೋ ಹಾಗಿಲ್ಲ” ಎನ್ನುತ್ತಿದ್ದ. ಅಂಥದ್ದನ್ನು ಬೇಗ ವಾಪಸ್ ಕಳಿಸುವಷ್ಟು ದಡ್ಡ ಅವನಲ್ಲ. ಕಳಿಸದೆ ಇರಲು ಕಾರಣ ಬೇಕಲ್ಲ, ಅದಕ್ಕಾಗಿ ಪ್ರೂಫಿನಲ್ಲಿ ತಪ್ಪು ಹುಡುಕುತ್ತಿದ್ದ. ಹೆಂಡತಿಯ ಅಣ್ಣನ ಹೆಸರು ಮೂರನೆಯ ಸಾಲಿನಿಂದ ಎರಡನೆಯದಕ್ಕೆ ಏರಬೇಕು ಎಂದು ಬರೆದ. ಏರಿಸಲು ಕನ್ನಪ್ಪ ಮುಚ್ಚಳ ಎತ್ತಿದ. ಅಷ್ಟರಲ್ಲಿ ಬಂದು ಕೂತಿದ್ದ ವರದಮ್ಮನ ಸಿಂಹ ಟಕ್ಕನೆ ಹಾರಿತು. ಹೊಸ ಪ್ರೂಫಿನಲ್ಲಿ ಗಂಡನ ಹೆಸರು ಕೆಳಗಿಳಿದದ್ದನ್ನು ವರದಮ್ಮ ಕಂಡರು. ಅದನ್ನು ಸರಿಮಾಡಲು ಮತ್ತೆ ಮುಚ್ಚಳ ಎತ್ತಿದಾಗ ಹೊಸನಗರದ ಆನೆ ಹಾರಿತು.

ಬಸ್ಸಿನಲ್ಲಿ ಪ್ರೂಫು ಕೈಯಿಂದ ಕೈಗೆ ಹೋಗುತ್ತಿತ್ತು. ಪ್ರಯಾಣಿಕರೂ ಅಂಚಿನಲ್ಲಿ ಪೆನ್ಸಿಲಿನಿಂದ ಅಭಿಪ್ರಾಯ ಬರೆಯತೊಡಗಿದರು. ಗಂಡಿನ ಸೋದರಮಾವ ಹೂವಯ್ಯ ಖುದ್ದಾಗಿ ಬಂದು, “ಹೆಣ್ಣಿನ ಕಡೆಗೆ ಮೂರು ಗೂಟ, ನಮಗೆ ಒಂದೂ ಇಲ್ವಾ? ನಾವೇನು ಊಟಕ್ಕೆ ಮಾತ್ರವಾ?” ಎಂದು ಕೇಳಿದ. ನಾಲ್ಕನೆಯ ತೂತು ಕೊರೆದದ್ದಾಯಿತು. ಅದನ್ನು ಕೇಳಿ ಮಂಜಯ್ಯನ ಹೆಂಡತಿ ತುಂಗಮ್ಮ ಐದನೆಯದನ್ನು ಕೊರೆಸಿದಳು. ಪೆಟ್ಟಿಗೆಯ ಬಾಗಿಲು ಕೊಳಲಿನ ಹಾಗೆ ಕಾಣತೊಡಗಿತು.

“ಕಾಗದ ಯಾವಾಗ ಅಚ್ಚಾಗ್ತದೆ?” ಎಂದಳು ಪುಷ್ಪಮ್ಮ.

“ಪದ್ಧತಿ ಸರಿಯಾಗೇ ಇದೆ. ಜನ ಇನ್ನೂ ಪದ್ಧತಿಗೆ ಹೊಂದಿಕೊಂಡಿಲ್ಲ,” ಎಂದ ಕನ್ನಪ್ಪ.

“ಮದುಮಗಳಿಗೆ ನರೆ ಬರೋದರೊಳಗೆ ಹೊಂದಿಕೊಳ್ತಾರಾ?”

ಮದುವೆ ಹತ್ತಿರ ಬಂದಾಗ ಎಲ್ಲರಿಗೂ ಒಮ್ಮೆಲೇ ಭಯ ಹುಟ್ಟಿತು. ಒಂದೇ ವಾರದಲ್ಲಿ ಆನೆ, ಸಿಂಹ, ಮತ್ತೊಂದು ಆನೆ, ಹೂವಯ್ಯನ ಹುಲಿ, ತುಂಗಮ್ಮನ ಗಿಳಿ, ಎಲ್ಲವೂ ಕೆರಿಯಪ್ಪನ ಚರ್ಮದ ಚೀಲದಲ್ಲಿ ಬಂದಿಳಿದವು. ಕನ್ನಪ್ಪ ಕೈಕಾಲು ತೊಳೆದು ಒಂದೊಂದನ್ನೇ ತೂತಿಗೆ ಕೂರಿಸಿದ. ಬಾಗಿಲು ಸಡಿಲವಾಯಿತು. ಅವನ ಕಣ್ಣು ಒದ್ದೆಯಾಯಿತು. ಯಾವ ಸಂಶೋಧಕನಿಗೂ ಇಂಥ ಗಳಿಗೆ ಜೀವಮಾನದಲ್ಲಿ ಒಮ್ಮೆಯೇ.

ಪುಷ್ಪಮ್ಮ ಕೊನೆಯ ಪ್ರೂಫನ್ನು ಬೆಳಕಿಗೆ ಹಿಡಿದು ಓದುತ್ತಿದ್ದಳು.

“ಹೌದೂ, ಮದುವೆ ಎಲ್ಲಿ?”

“ಎಲ್ಲಿ ಅಂದ್ರೆ? ಹೊಸನಗರದಲ್ಲಿ, ಹೆಣ್ಣಿನ ಮನೆ ಚಪ್ಪರದಲ್ಲಿ.”

“ಅದು ನಂಗೆ ಗೊತ್ತು, ನಿಮಗೆ ಗೊತ್ತು. ಕಾಗದಕ್ಕೆ ಗೊತ್ತಿಲ್ಲ.”

ಕನ್ನಪ್ಪ ಓದಿದ. ಹೆಸರುಗಳಿದ್ದವು. ದೊಡ್ಡಪ್ಪಂದಿರು, ಸೋದರಮಾವಂದಿರು, ಮುಹೂರ್ತ, ಲಗ್ನ, ಎಲ್ಲ ಇದ್ದವು. ಸ್ಥಳ ಇರಲಿಲ್ಲ. ಮಂಜಯ್ಯನ ಭಾವನ ಹೆಸರು ಮೇಲೇರಿದ ದಿನ ಜಾಗ ಸಾಲದೆ ಆ ಸಾಲನ್ನು ತಾನೇ ‘ಸದ್ಯಕ್ಕೆ’ ಎಂದು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದು ಅವನಿಗೆ ನೆನಪಾಯಿತು. ಅಲ್ಲಿಂದೀಚೆಗೆ ಮೂರು ಊರಿನ ಜನ ಈ ಕಾಗದವನ್ನು ಓದಿದ್ದರು. ಪ್ರತಿಯೊಬ್ಬನೂ ತನ್ನ ಹೆಸರನ್ನು ಓದಿದ್ದ, ತನ್ನ ಮೇಲಿನ ಹೆಸರನ್ನು ಓದಿದ್ದ. ಮದುವೆಗೆ ಎಲ್ಲಿ ಹೋಗಬೇಕೆಂಬುದನ್ನು ಯಾರೂ ಓದಿರಲಿಲ್ಲ.

ಸಾಲು ಸೇರಿಸಬೇಕಾದರೆ ಮುಚ್ಚಳ ಎತ್ತಬೇಕು. ಎತ್ತಿದರೆ ಐದೂ ಗೂಟ ಹಾರುತ್ತವೆ. ಅವು ಮತ್ತೆ ಊರು ಸುತ್ತಿ ಬರುವಷ್ಟರಲ್ಲಿ ಮದುಮಗಳು ಗಂಡನ ಮನೆಯಲ್ಲಿ ಕಾಫಿ ಸೋಸುತ್ತಿರುತ್ತಾಳೆ. ಎತ್ತದೆ ಹಾಗೆಯೇ ಅಚ್ಚು ಹಾಕಿದರೆ, ಅರ್ಧ ಜನ ತೀರ್ಥಹಳ್ಳಿಯ ಮೂಲಮನೆಗೆ ಹೋಗಿ ಎಲೆ ಹಾಸುವುದನ್ನು ಕಾಯುತ್ತಾರೆ.

“ಐದೂ ಜನ ಒಪ್ಪಿದ್ದು,” ಎಂದ ಕನ್ನಪ್ಪ ಕ್ಷೀಣವಾಗಿ. “ಪದ್ಧತಿ ಪ್ರಕಾರ ಇದೇ ಸರಿ.”

“ಪದ್ಧತಿ ಪ್ರಕಾರ ಬೋರ್ಡೂ ಇಳಿಸ್ತೀರಾ?”

ಅವನು ಪೆಟ್ಟಿಗೆಯನ್ನೂ ಹೆಂಡತಿಯನ್ನೂ ನೋಡಿದ. ಆಮೇಲೆ ಎದ್ದು ಹೋಗಿ ಬೀದಿಯ ಬಾಗಿಲು ಹಾಕಿ ಬಂದ.

“ಗೂಟ ಹಾರದ ಹಾಗೆ ಒತ್ತಿ ಹಿಡ್ಕಳಿ,” ಎಂದಳು ಪುಷ್ಪಮ್ಮ. “ಸಾಲು ನಾನು ಇಡ್ತೀನಿ.”

ಕನ್ನಪ್ಪ ನೆಲಕ್ಕೆ ಮೊಣಕಾಲೂರಿ, ಎರಡು ಅಂಗೈಯಲ್ಲಿ ಆನೆಗಳನ್ನು, ಮೊಣಕೈಗಳಲ್ಲಿ ಸಿಂಹ ಮತ್ತು ಹುಲಿಯನ್ನು, ಗಲ್ಲದಲ್ಲಿ ತುಂಗಮ್ಮನ ಗಿಳಿಯನ್ನು ಒತ್ತಿ ಹಿಡಿದ. ತಾನೇ ಹಾಕಿಸಿದ ಸ್ಪ್ರಿಂಗು, ಗಟ್ಟಿಯಾಗಿರಲಿ ಎಂದು ತಾನೇ ಆರಿಸಿ ತಂದದ್ದು. ಅದು ಐದು ಕಡೆಯಿಂದ ಅವನನ್ನು ನೂಕುತ್ತಿತ್ತು. ಪುಷ್ಪಮ್ಮ ಮುಚ್ಚಳ ಎತ್ತಿ, ಯಾರ ನೆಂಟನೂ ಅಲ್ಲದ ಮಂಗಳ ಕಲಶದ ಚಿತ್ರದಚ್ಚನ್ನು ಮೇಲಿನ ಸಾಲಿನಿಂದ ತೆಗೆದಳು. ಆದ ಜಾಗಕ್ಕೆ ಹೆಸರುಗಳನ್ನೆಲ್ಲ ಸರಿಸಿ, ಕಿಟಕಿಯ ಕಟ್ಟೆಯಿಂದ ತಂದ ಸಾಲನ್ನು ಕೂರಿಸಿದಳು.

“ಬೇಗ,” ಎಂದ ಕನ್ನಪ್ಪ ಹಲ್ಲುಕಚ್ಚಿ. “ಗಿಳಿ ಜಾರ್ತಾ ಇದೆ.”

ಕಾಗದ ಅಚ್ಚಾಯಿತು, ಹಂಚಿಕೆಯಾಯಿತು. ಮದುವೆಯ ದಿನ ಹೊಸನಗರದ ಚಪ್ಪರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಊಟದ ಪಂಕ್ತಿಯಲ್ಲಿ ಮಂಜಯ್ಯ ಎಲೆಯ ಮುಂದಿನಿಂದಲೇ ಕೂಗಿ ಹೇಳಿದ: “ನಾವು ಒಪ್ಪಿದ ಮೇಲೆ ಒಂದಕ್ಷರ ಆಚೀಚೆ ಆಗಿಲ್ಲ ಕಂಡ್ರಾ. ಅದೇ ಆ ಪೆಟ್ಟಿಗೆ ಮಹಿಮೆ.” ಎಲ್ಲರೂ ತಲೆಯಾಡಿಸಿದರು. ಕನ್ನಪ್ಪನೂ ಆಡಿಸಿದ. ಗಲ್ಲದ ಮೇಲೆ ಗಿಳಿಯ ಕೊಕ್ಕಿನ ಗಾಯ ಇನ್ನೂ ಮಾಗಿರಲಿಲ್ಲ, ಕ್ಷೌರದಲ್ಲಿ ಕುಯ್ದುಕೊಂಡೆ ಎಂದು ಕೇಳಿದವರಿಗೆ ಹೇಳಿದ. ಅವನು ಗಿರಾಕಿಗಳಿಗೆ ಸಲೀಸಾಗಿ ಹೇಳಿದ ಮೊದಲ ಸುಳ್ಳು ಅದು.

ಮುಂದಿನ ತಿಂಗಳು ಪ್ರೆಸ್ಸಿಗೆ ಬದುಕಿದ್ದವರು ಬರತೊಡಗಿದರು. ಹುಲಿಕಲ್ ಕಡೆಯವರೊಬ್ಬರು ಮಗನ ಮದುವೆ ಕಾಗದಕ್ಕೆ ಬಂದು, ಅಕ್ಷರದ ನಮೂನೆಯನ್ನಾಗಲಿ ಕಾಗದದ ಬಣ್ಣವನ್ನಾಗಲಿ ನೋಡದೆ, ನೇರವಾಗಿ ಪೆಟ್ಟಿಗೆಯ ಮುಂದೆ ಕೂತರು.

“ನಮ್ಮಲ್ಲಿ ದಾಯಾದಿಗಳು ಸ್ವಲ್ಪ ಜಾಸ್ತಿ. ಒಂಬತ್ತು ತೂತು ಆಗ್ತದಾ?”

ಕನ್ನಪ್ಪ ತನ್ನ ಎರಡು ಕೈಗಳನ್ನು ನೋಡಿಕೊಂಡು, ಗಲ್ಲದ ಗಾಯದ ಗುರುತು ಸವರಿಕೊಂಡ. ಒಳಗೆ ಅಕ್ಷರ ಜೋಡಿಸುತ್ತಿದ್ದ ಪುಷ್ಪಮ್ಮ ತಲೆ ಎತ್ತದೆ ಹೇಳಿದಳು:

“ಆಗ್ತದೆ, ಧಾರಾಳ ಕೊರೆಸಣ. ಕೈ ಜೋಡ್ಸೋಕೆ ತಾಳಗುಪ್ಪದಿಂದ ನನ್ನ ತಮ್ಮನೂ ಬರ್ತಾನೆ.”