ಬ್ರೇಕ್ ಮೇಷ್ಟ್ರು ಕಂಡ ಕರಡಿ

ಊರಿನಲ್ಲಿ ಸ್ಟಿಯರಿಂಗ್ ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಬ್ರೇಕ್ ಮೇಷ್ಟ್ರ ಶಿಷ್ಯರೇ. ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲ ಬುಡದಲ್ಲೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲಿಂದ ಮೇಷ್ಟ್ರು ಕಾಲು ತೆಗೆದದ್ದನ್ನು ಕಂಡವರಿಲ್ಲ. ನಾಯಿ ಅಡ್ಡ ಬಂದರೆ ಬ್ರೇಕ್, ಬರಬಹುದು ಅನಿಸಿದರೂ ಬ್ರೇಕ್. ಊರು ಅಂಗೈಯಷ್ಟು ಸಮತಟ್ಟು. ಅವರು ಕಂಡ ಅತಿ ದೊಡ್ಡ ಏರೆಂದರೆ ರೈಲು ಹಳಿಯ ಮೇಲ್ಸೇತುವೆ. ಆದರೂ ತಗಡು ಹೊದೆಸಿದ ತಮ್ಮ ಒಂದು ಕೋಣೆಯ ಡ್ರೈವಿಂಗ್ ಶಾಲೆಯಲ್ಲಿ, ಕರಿಹಲಗೆಯ ಮೇಲೆ ಹಾವಿನಂಥ ಗೆರೆ ಎಳೆದು, ಬೆಟ್ಟದ ತಿರುವನ್ನು ಹೇಗೆ ಹತ್ತಿಸಬೇಕೆಂದು ಅವರು ವಿವರಿಸುವುದನ್ನು ಕೇಳಿದರೆ ಈ ಮನುಷ್ಯ ಹುಟ್ಟಿದ್ದೇ ಶಿಖರದ ಮೇಲೆ ಅನಿಸಬೇಕು.

ಹೆಂಡತಿಗೆ ಮಾತ್ರ ಕಲಿಸಲಾಗಲಿಲ್ಲ. ಮೂರನೇ ಪಾಠಕ್ಕೇ ಆಕೆ ನಡುರಸ್ತೆಯಲ್ಲಿ ಇಳಿದು, ಕೀಯನ್ನು ಅವರ ಮಡಿಲಿಗೆಸೆದು, ಬಸ್ಸು ಹತ್ತಿ ಮನೆಗೆ ಹೋಗಿದ್ದಳು. ಆಮೇಲೆ ಹಿಂದಿನ ಬೀದಿಯ ಇನ್ನೊಂದು ಸ್ಕೂಲಿಗೆ ಸೇರಿ ಲೈಸೆನ್ಸ್ ತೆಗೆದುಕೊಂಡಳು. ಈಗ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯ ವ್ಯಾನು ಓಡಿಸುತ್ತಾಳೆ. ಯಾರಾದರೂ ಈ ವಿಷಯ ಎತ್ತಿದರೆ ಮೇಷ್ಟ್ರಿಗೆ ತಕ್ಷಣ ಕೆಮ್ಮು ಬರುತ್ತದೆ.

ರಾಷ್ಟ್ರೀಯ ಉದ್ಯಾನದ ಬೆಟ್ಟದ ರಸ್ತೆ ನೋಡಬೇಕೆಂಬುದು ಆಕೆಯ ಬಹುಕಾಲದ ಆಸೆ. "ತಲೆ ಮೇಲೆ ಬೋರ್ಡು ಹೊತ್ಕೊಂಡಿರೋ ನಿಮ್ಮ ಸ್ಕೂಲ್ ಕಾರಲ್ಲಿ ಮಾತ್ರ ನಾನು ಬರಲ್ಲ" ಎಂದಳು. ಬಾಡಿಗೆ ಕಾರು ಬಂತು, ಓಡಿಸಲು ಕೂತವರು ಮೇಷ್ಟ್ರೇ. ಹಿಂದಿನ ಸೀಟಿನಲ್ಲಿ ಮೇಷ್ಟ್ರ ಅತ್ತೆ, ವಾಂತಿ ಬಂದರೆ ಇರಲಿ ಎಂದು ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ.

ಮೊದಲ ತಿರುವುಗಳಲ್ಲಿ ಮೇಷ್ಟ್ರ ಬಾಯಿಗೆ ಬಿಡುವಿರಲಿಲ್ಲ. "ನೋಡು, ಗೇರು ಮೊದಲೇ ಇಳಿಸ್ಬೇಕು. ಕಣ್ಣು ತಿರುವಿನ ಕೊನೇಲಿ ಇರ್ಬೇಕು." ಹೆಂಡತಿ ಹೂಂಗುಟ್ಟುತ್ತಿದ್ದಳು. ಇನ್ನೂ ಮೇಲೇರಿದಂತೆ ಒಂದು ಬದಿಯ ಮರಗಳು ಮುಗಿದವು, ಆಮೇಲೆ ತಡೆಗೋಡೆಯೂ ಮುಗಿಯಿತು. ಆ ಕಡೆ ಉಳಿದದ್ದು ಬರೀ ಆಕಾಶ. ಮೇಷ್ಟ್ರ ಮಾತು ನಿಂತಿತು. ಮುಂದಿನ ತಿರುವಿನ ನಟ್ಟನಡುವೆ, ರಸ್ತೆಯೇ ಮೇಲೆದ್ದು ಮುಖಕ್ಕೆ ಬಂದಂತೆ ಕಂಡಾಗ, ಬಲಗಾಲು ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿತು. ಕಾರು ನಿಂತಿತು. ಕಾಲು ಹೊಲಿಗೆ ಯಂತ್ರದಂತೆ ನಡುಗುತ್ತಿತ್ತು.

"ಯಾಕೆ ಅಳಿಯಂದಿರೇ, ಕಾರು ಕೆಟ್ಟೋಯ್ತಾ?" ಅತ್ತೆ ಕೇಳಿದರು.

ಹಿಂದೆ ಹಾರ್ನುಗಳ ಮೇಳ. ಮೇಷ್ಟ್ರ ಬಾಯಿಂದ ಅವರಿಗೇ ತಿಳಿಯದಂತೆ ಒಂದು ಮಾತು ಹೊರಬಿತ್ತು. "ಶ್! ಸದ್ದು ಮಾಡ್ಬೇಡಿ. ಪೊದೆಯಲ್ಲಿ ಕರಡಿ!"

ಏನಾಯಿತೆಂದು ಕೇಳಲು ಕಿಟಕಿಯ ಬಳಿ ಬಂದಿದ್ದ ಹಿಂದಿನ ಕಾರಿನವನು ಅದನ್ನು ಕೇಳಿಸಿಕೊಂಡ. ಅವನಿಂದ ಅದರ ಹಿಂದಿನವರಿಗೆ ಸುದ್ದಿ ಹೋಯಿತು. ನೋಡನೋಡುತ್ತಿದ್ದಂತೆ ಹಾರ್ನುಗಳು ಅಡಗಿ, ಜನ ಫೋನು ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಮುಂದೆ ಬಂದರು. ದುರ್ಬೀನು ನೇತುಹಾಕಿಕೊಂಡ ಹೆಂಗಸೊಬ್ಬಳು "ಅಗೋ, ಕಿವಿ ಕಾಣಿಸ್ತು!" ಎಂದಳು. ಒಂದು ಕ್ಷಣ ಮೇಷ್ಟ್ರಿಗೂ ಕಂಡಂತಾಯಿತು. ಹೆಂಡತಿ ಮಾತ್ರ ಪೊದೆಯ ಕಡೆ ತಿರುಗಲೇ ಇಲ್ಲ. ಅವರ ಕಾಲನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಅರಣ್ಯ ರಕ್ಷಕ ಬೈಕಿನಲ್ಲಿ ಬಂದ. "ಕರಡಿ ನೋಡಿದ್ದು ಯಾರು? ನೀವಾ? ಹಾಗಾದ್ರೆ ರಸ್ತೆ ಮುಚ್ಚಿಸ್ಬೇಕು. ಎಲ್ಲರನ್ನೂ ವಾಪಸ್ ಕಳಿಸ್ಬೇಕಾಗತ್ತೆ" ಎಂದು ವೈರ್‌ಲೆಸ್ ಬಾಯಿಗಿಟ್ಟ.

ಮೇಷ್ಟ್ರು ಪೊದೆಯನ್ನು ದೀನರಾಗಿ ನೋಡಿದರು. ಆ ಗಳಿಗೆಯಲ್ಲಿ ನಿಜವಾದ ಕರಡಿಯೇ ಬಂದು ಎತ್ತಿಕೊಂಡು ಹೋಗಿದ್ದರೂ ಅವರು ತಕರಾರು ಮಾಡುತ್ತಿರಲಿಲ್ಲ. ಬರಲಿಲ್ಲ.

"ಕರಡಿ ಇಲ್ಲ ಸಾರ್," ಎಂದರು. "ನನಗೆ ಹೆದರಿಕೆ ಆಯ್ತು. ಅದಕ್ಕೇ ನಿಲ್ಸಿದೆ."

ರಕ್ಷಕ ವೈರ್‌ಲೆಸ್ ಕೆಳಗಿಳಿಸಿದ. "ಪರವಾಗಿಲ್ಲ ಬಿಡಿ. ಇಲ್ಲಿ ಬೇಕಾದಷ್ಟು ಜನ ಹೀಗೆ ನಿಂತ್ಬಿಡ್ತಾರೆ. ಗಾಡಿ ಓಡಿಸಿ ಅಭ್ಯಾಸ ಕಡಿಮೆ ಇರ್ಬೇಕು. ಏನ್ ಕೆಲಸ ಮಾಡ್ಕೊಂಡಿದ್ದೀರಿ?"

ಗುಮಾಸ್ತ ಎನ್ನಬಹುದಿತ್ತು, ದರ್ಜಿ ಎನ್ನಬಹುದಿತ್ತು. ಆದರೆ ಆಗಲೇ ಹೇಳಿದ ಒಂದು ಸುಳ್ಳೇ ಹೊರಲಾರದಷ್ಟು ಭಾರವಾಗಿತ್ತು. "ಡ್ರೈವಿಂಗ್... ಕಲಿಸ್ತೀನಿ" ಎಂದರು.

 ಸುತ್ತ ಎದ್ದ ನಗು ಎದುರಿನ ಬೆಟ್ಟಕ್ಕೆ ಬಡಿದು ಇನ್ನೊಮ್ಮೆ ಕೇಳಿಸಿತು. ದುರ್ಬೀನಿನ ಹೆಂಗಸು ಮಾತ್ರ ಪಟ್ಟು ಬಿಡಲಿಲ್ಲ. "ಇವರು ನೋಡದಿದ್ರೆ ಏನಂತೆ, ನಾನು ನೋಡಿದ್ದೀನಿ. ಮರೀನೂ ಇತ್ತು."

ಹೆಂಡತಿ ನಗಲಿಲ್ಲ. ಇಳಿದು ಈ ಕಡೆ ಬಂದು ಬಾಗಿಲು ತೆಗೆದಳು. "ರೀ, ಆ ಕಡೆ ಕೂತ್ಕೊಳ್ಳಿ."

ಲಾಂಡ್ರಿಯ ವ್ಯಾನು ಓಡಿಸುವ ಕೈ ಕಾರನ್ನು ಬೆಣ್ಣೆಯಲ್ಲಿ ಕೂದಲೆಳೆದಂತೆ ಮೇಲಕ್ಕೆ ಒಯ್ದಿತು. ಪಕ್ಕದ ಸೀಟಿನಲ್ಲಿ ಮೇಷ್ಟ್ರು ಪ್ರತಿ ತಿರುವಿಗೂ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. "ಕಾರಿನ ತಳ ಕಿತ್ಕೊಂಡೋಗತ್ತೆ, ಕಾಲು ಮಡಚಿ" ಎಂದರು ಅತ್ತೆ. ಚೀಲ ಅವರಿಗೆ ಬೇಕಾಗಲೇ ಇಲ್ಲ. ಅದನ್ನು ಇಸಿದುಕೊಂಡವರು ಅಳಿಯ.

ತುದಿಯಲ್ಲಿ ಗಾಳಿ ತಣ್ಣಗಿತ್ತು. ಕೆಳಗೆ ಕಣಿವೆಯ ಮೇಲೆ ಮೋಡದ ನೆರಳು ನಿಧಾನ ಜರುಗುತ್ತಿತ್ತು. ಇಷ್ಟು ವರ್ಷ ಶಿಷ್ಯರ ಪಾದಗಳನ್ನೇ ನೋಡಿಕೊಂಡು ಬಂದ ಮೇಷ್ಟ್ರಿಗೆ ದೂರದ ಏನನ್ನಾದರೂ ಕೊನೆಯ ಸಲ ಸುಮ್ಮನೆ ನೋಡಿದ್ದು ಯಾವಾಗ ಎಂದು ನೆನಪಾಗಲಿಲ್ಲ.

"ನಿನಗೆ ಹೆದರಿಕೆ ಆಗ್ಲಿಲ್ವಾ?" ಎಂದು ಕೇಳಿದರು.

"ಆಯ್ತು. ಆದ್ರೆ ಪಕ್ಕದಲ್ಲಿ ಕೂತು ನೀವು ಓಡಿಸೋದನ್ನ ನೋಡೋದು ಅದಕ್ಕಿಂತ ಜಾಸ್ತಿ ಹೆದರಿಕೆ."

ಮೇಷ್ಟ್ರು ಕೀಗಾಗಿ ಕೈ ಚಾಚಿದರು. "ಇಳಿಯುವಾಗ ನಾನು ಓಡಿಸ್ತೀನಿ. ನೀನು ಹೇಳ್ಕೊಡು."

ಆಕೆ ಹೇಳಿಕೊಟ್ಟಳು. "ಗೇರಲ್ಲೇ ಬಿಡಿ. ಬ್ರೇಕ್ ಒತ್ಕೊಂಡೇ ಇರ್ಬೇಡಿ, ಬಿಸಿಯಾಗತ್ತೆ." ಬೈಯಲಿಲ್ಲ, ಕೀ ಎಸೆಯಲಿಲ್ಲ. ಹಿಂದೆ ವಾಹನಗಳ ಬಾಲ ಬೆಳೆಯಿತು, ಬೆಳೆಯಲಿ ಎಂದುಕೊಂಡರು. ಕೆಳಗಿನ ಗೇಟು ದಾಟಿ ನಿಲ್ಲಿಸಿ, ಇಳಿದು, ರಸ್ತೆಯಂಚಿನ ಕಲ್ಲಿನ ಮೇಲೆ ಕೂತಾಗ ಅಂಗಿ ಬೆನ್ನಿಗಂಟಿತ್ತು.

ಅತ್ತೆ ನೀರಿನ ಬಾಟಲಿ ಮುಂದೆ ಹಿಡಿದರು. "ಚೆನ್ನಾಗೇ ಓಡಿಸಿದ್ರಿ ಅಳಿಯಂದಿರೇ. ನಡ್ಕೊಂಡು ಬಂದಿದ್ರೆ ಒಂಚೂರು ಬೇಗ ಬರ್ತಿದ್ವಿ, ಅಷ್ಟೆ."

ಮೊದಲು ನಕ್ಕದ್ದು ಮೇಷ್ಟ್ರೇ.